ನೆತ್ತಿ ಯಾಕೆ ಉಬ್ಬುತ್ತೆ?

ಎಳೆ ಕೂಸಿಗೆ ಎಣ್ಣೆ ಹಚ್ಚುವಾಗ ನಮ್ಮ ಕೈಗೆ ನೆತ್ತಿ ಸಿಗುತ್ತದೆ. ಮೆತ್ತಗೆ ಇರುತ್ತದೆ. ಮಿಡಿಯುತ್ತದೆ. ಅಲ್ಲಿ ಮೂಳೆ ಇನ್ನೂ ಕೂಡಿಲ್ಲ. ಸುಮಾರು ಒಂದೂವರೆ ವರ್ಷಕ್ಕೆ ಕೂಡುತ್ತದೆ. ಆಮೇಲೆ ತಲೆಬುರುಡೆ ಪೂರ್ತಿ ಗಟ್ಟಿ.

ಬುರುಡೆಯ ಒಳಗೆ ಮೆದುಳಿದೆ. ಮೆದುಳಿನ ಸುತ್ತ ತೆಳ್ಳಗಿನ ಪೊರೆಗಳಿವೆ. ಅವುಗಳ ನಡುವೆ ತಿಳಿಯಾದ ನೀರಿದೆ. ಈ ನೀರು ಬೆನ್ನುಮೂಳೆಯ ಒಳಗೂ ಇಳಿಯುತ್ತದೆ. ದೊಡ್ಡವರಲ್ಲಿ ಇದು ಸುಮಾರು 150 ಮಿಲಿಲೀಟರ್. ಅಂದರೆ ಒಂದು ಸಣ್ಣ ಲೋಟದಷ್ಟು. ದಿನವೂ ಹೊಸ ನೀರು ಹುಟ್ಟುತ್ತದೆ, ಹಳೆಯದು ರಕ್ತಕ್ಕೆ ಸೇರುತ್ತದೆ.

ಕೆಲವು ಸಲ ವೈರಸ್ ಎಂಬ ರೋಗಾಣು ಈ ಪೊರೆಗೆ ತಗಲುತ್ತದೆ. ಮಂಗನಬಾವಿನ ವೈರಸ್ಸೂ ತಗಲಬಹುದು. ಆಗ ಪೊರೆ ಬಾತುಕೊಳ್ಳುತ್ತದೆ. ನೀರು ಸರಾಗವಾಗಿ ಹೋಗುವುದಿಲ್ಲ. ಡಾಕ್ಟರು ಇದನ್ನು ಮೆನಿಂಜೈಟಿಸ್ ಅನ್ನುತ್ತಾರೆ.

ದೋಸೆ ಹಿಟ್ಟು ರಾತ್ರಿ ಉಬ್ಬಿದರೆ ಏನಾಗುತ್ತೆ? ಮುಚ್ಚಳ ತಳ್ಳಿ ಹೊರಗೆ ಬರುತ್ತೆ, ಅಲ್ವಾ? ಬುರುಡೆಯ ಮುಚ್ಚಳ ಏಳುವುದಿಲ್ಲ. ಒಳಗಿನ ಒತ್ತಡ ಮೆದುಳಿನ ಮೇಲೇ ಬೀಳುತ್ತದೆ. ಕೂಸಿನಲ್ಲಿ ಮಾತ್ರ ನೆತ್ತಿ ಉಬ್ಬಿ ನಮಗೆ ಹೇಳುತ್ತದೆ. ಅಳುವಾಗ ಉಬ್ಬುವುದು ಸಹಜ. ಸುಮ್ಮನಿರುವಾಗ, ಎತ್ತಿ ಕೂರಿಸಿದಾಗಲೂ ಉಬ್ಬೇ ಇದ್ದರೆ ಆಸ್ಪತ್ರೆಗೆ ಓಡಬೇಕು.

ದೊಡ್ಡವರಿಗೆ ಜ್ವರ, ಜೋರು ತಲೆನೋವು, ವಾಂತಿ. ಬೆಳಕು ಕಂಡರೆ ಆಗದು. ಗದ್ದ ಎದೆಗೆ ತಾಗಿಸಲು ಆಗದು. ಒತ್ತಡ ತುಂಬಾ ಏರಿದರೆ ಮಂಕು ಕವಿಯುತ್ತದೆ. ಮಾತು ತಪ್ಪುತ್ತದೆ. ಫಿಟ್ಸ್ ಬರಬಹುದು. 'ಪಾಪ, ಮಲಗಲಿ ಬಿಡು' ಅನ್ನಬೇಡಿ. ಹರಕೆ ಕಟ್ಟಿಕೊಳ್ಳಿ, ಬೇಡ ಅನ್ನೋಲ್ಲ. ಆದರೆ ಮೊದಲು 108ಕ್ಕೆ ಫೋನ್ ಮಾಡಿ.

ವೈರಸ್ಸಿನಿಂದ ಬಂದದ್ದಾದರೆ ಹೆಚ್ಚಿನವರು ವಾರ, ಹತ್ತು ದಿನದಲ್ಲಿ ಗುಣವಾಗುತ್ತಾರೆ. ಒತ್ತಡ ಅಪಾಯದ ಮಟ್ಟಕ್ಕೆ ಏರುವುದು ಕೆಲವರಲ್ಲಿ ಮಾತ್ರ. ಹಾಗಾದರೆ ಮನೆಯಲ್ಲೇ ಕಾಯಬಹುದಲ್ಲ? ಬೇಡ. ಬ್ಯಾಕ್ಟೀರಿಯಾ ಎಂಬ ಬೇರೆ ರೋಗಾಣುವಿನಿಂದಲೂ ಇದೇ ಲಕ್ಷಣ ಬರುತ್ತದೆ. ಅದು ಒಂದೇ ದಿನದಲ್ಲಿ ಜೀವ ತೆಗೆಯಬಲ್ಲದು. ಹೊರಗಿನಿಂದ ನೋಡಿ ಯಾವುದೆಂದು ಹೇಳಲಾಗದು. ಬೆನ್ನಿನ ನೀರು ತೆಗೆದು ನೋಡಬೇಕು.

ಇಲ್ಲೇ ನಾವು ಹೆದರುವುದು. 'ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತಂತೆ' ಅಂತ ಎಷ್ಟೋ ಮಂದಿ ಹೇಳುತ್ತಾರೆ. ನಿಜ ಏನು ನೋಡೋಣ. ಮೆದುಳಿನಿಂದ ಇಳಿಯುವ ದಪ್ಪ ನರದ ಹುರಿ ಸೊಂಟದ ಮೇಲುಗಡೆಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ಇರುವುದು ನೀರು, ಅದರಲ್ಲಿ ತೇಲುವ ಸಣ್ಣ ನರಗಳು. ಸೂಜಿ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ. 1891ರಲ್ಲಿ ಜರ್ಮನಿಯ ಕ್ವಿಂಕೆ ಎಂಬ ವೈದ್ಯರು ಈ ವಿಧಾನವನ್ನು ತಿಳಿಸಿಕೊಟ್ಟರು. ತಲೆಯ ಒತ್ತಡ ಇಳಿಸುವುದೇ ಅವರ ಉದ್ದೇಶವಾಗಿತ್ತು. ಈಗಲೂ ಅದೇ ಸೂಜಿಯಿಂದ ಒತ್ತಡ ಎಷ್ಟಿದೆ ಎಂದು ಅಳೆಯುತ್ತಾರೆ.

ರೋಗಿಗೆ ಎಚ್ಚರ ತಪ್ಪುತ್ತಿದ್ದರೆ ಡಾಕ್ಟರು ತಕ್ಷಣ ಸೂಜಿ ಹಾಕುವುದಿಲ್ಲ. ಮೊದಲು ತಲೆಯ ಸ್ಕ್ಯಾನ್ ಮಾಡಿಸುತ್ತಾರೆ. ಔಷಧಿಯನ್ನು ಮಾತ್ರ ಸ್ಕ್ಯಾನಿಗೆ ಕಾಯದೆ ಶುರು ಮಾಡುತ್ತಾರೆ. ತಲೆಯ ಕಡೆ ಮಂಚ ಎತ್ತರಿಸುತ್ತಾರೆ. ಬಾವು ಇಳಿಸುವ ಮ್ಯಾನಿಟಾಲ್ ಡ್ರಿಪ್ ಹಾಕಬಹುದು.

ಸೂಜಿ ಹಾಕಿದ ಮೇಲೆ ಕೆಲವರಿಗೆ ಎದ್ದು ಕೂತಾಗ ತಲೆ ನೋಯುತ್ತೆ. ಮಲಗಿದರೆ ಕಡಿಮೆಯಾಗುತ್ತೆ. ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನಾಗಿ ಹೋಗುತ್ತೆ.