ಮೋಟರ್ ಹಾಕಿದರೆ ಕಂಪ್ಯೂಟರ್ ಖಲಾಸ್!

ತುಮಕೂರು: "ಅಪ್ಪಾ, ಮತ್ತೆ ಹೋಯ್ತು!"

"ಸೇವ್ ಮಾಡಿದ್ಯೇನಮ್ಮಾ?"

"ಎಲ್ಲಿ ಮಾಡ್ಲಿ? ಟಕ್ ಅಂತು, ಕೀ ಅಂತು, ಪರದೆ ಕಪ್ಪಾಯ್ತು!"

2024ರ ಮೇ ತಿಂಗಳ ಒಂದು ಶನಿವಾರ ಸಂಜೆ ಎಸ್.ಎಸ್. ಪುರಂನ ಒಂದು ಮನೆಯಲ್ಲಿ ನಡೆದ ಸಂಭಾಷಣೆ ಇದು. ಮನೆಯ ಯಜಮಾನರಿಗೆ ಮಂಡಿಪೇಟೆಯಲ್ಲಿ ದಿನಸಿ ಅಂಗಡಿ. ಹಗಲು ಅಂಗಡಿಯಲ್ಲಿ ತಕ್ಕಡಿ, ಸಂಜೆ ಮನೆಯಲ್ಲಿ ಕಂಪ್ಯೂಟರ್. ಲೆಕ್ಕ ಹಾಕುವವಳು ಮಗಳು. ಏಪ್ರಿಲ್ ತಿಂಗಳ ಜಿ.ಎಸ್.ಟಿ. ರಿಟರ್ನ್ ಸಲ್ಲಿಸಲು ಸೋಮವಾರ, 20ನೇ ತಾರೀಖೇ ಕಡೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ತಡ ಶುಲ್ಕ. ತೆರಿಗೆ ಬಾಕಿ ಉಳಿದರೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ ಬೇರೆ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಆ ಮನೆಯಲ್ಲಿ ಯು.ಪಿ.ಎಸ್. ಇರಲಿಲ್ಲವೇ? ಇತ್ತು. ಮೇಜಿನ ಕೆಳಗೆ ಕರೀ ಡಬ್ಬಿ ಕೂತೇ ಇತ್ತು. ಮೊದಲ ಬ್ಯಾಟರಿ ಮೂರು ವರ್ಷ ಬಾಳಿ ಸತ್ತಿತ್ತು. ಎರಡನೆಯದು ಹಾಕಿಸಿ ಇನ್ನೂ ಎಂಟು ತಿಂಗಳು. ಅಷ್ಟರಲ್ಲೇ ಅದೂ ಶಿವನ ಪಾದ ಸೇರುವ ಲಕ್ಷಣ! ಮಾರಿದ ಅಂಗಡಿಯವರದು ಒಂದೇ ಮಾತು: "ಡಬ್ಬಿಯೇ ಹೋಗಿದೆ ಸಾರ್, ಹೊಸದು ತಗೊಂಡ್ಬಿಡಿ." ಬ್ಯಾಟರಿಯಾದರೆ ಸಾವಿರ ರೂಪಾಯಿ ಆಸುಪಾಸು, ಹೊಸ ಡಬ್ಬಿಯಾದರೆ ಅದರ ಮೂರು ಪಟ್ಟು. ಯಜಮಾನರು ಜೇಬು ಮುಟ್ಟಿಕೊಂಡು, "ನೋಡೋಣ" ಎಂದು ಹೊರಟು ಬಂದರು.

ದಾರಿಯಲ್ಲಿ ಸಿಕ್ಕಿದ್ದು ಪರಿಚಯದ ಹಿರಿಯರೊಬ್ಬರು. ರೇಡಿಯೊ, ಟೇಪ್ ರೆಕಾರ್ಡರ್ ಕಾಲದಿಂದಲೂ ರಿಪೇರಿ ಅಂಗಡಿ ಇಟ್ಟುಕೊಂಡವರು. ಕಥೆಯನ್ನೆಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಜಮಾನ್ರೇ, ಕಂಪ್ಯೂಟರ್ ಆಫ್ ಆಗೋ ಹೊತ್ನಲ್ಲಿ ಮನೇಲಿ ಇನ್ನೇನು ಓಡ್ತಿರುತ್ತೆ?"

ಯಜಮಾನರು ತಲೆ ಕೆರೆದುಕೊಂಡರು. ಉತ್ತರ ಸಿಕ್ಕಿದ್ದು ಮನೆಗೆ ಹೋದಮೇಲೆ, ಮನೆಯವರ ಬಾಯಲ್ಲಿ: "ಇನ್ನೇನು, ನಾನು ಟ್ಯಾಂಕಿಗೆ ನೀರು ಬಿಡೋ ಹೊತ್ತು ಅದು!"

ಡಬ್ಬಿ ಯಾಕೆ ಟಕ್ ಅನ್ನುತ್ತೆ?

ಮನೆ ಕಂಪ್ಯೂಟರಿಗೆ ಹಾಕುವ ಯು.ಪಿ.ಎಸ್. ಹೆಚ್ಚಾಗಿ 600 ವಿ.ಎ. ಶಕ್ತಿಯದು. ಅದರ ಹೊಟ್ಟೆಯಲ್ಲಿ 12 ವೋಲ್ಟಿನ, 7 ಆಂಪಿಯರ್-ಅವರ್ ಅಳತೆಯ ಒಂದು ಸೀಸದ ಬ್ಯಾಟರಿ. ಸ್ಕೂಟರ್ ಬ್ಯಾಟರಿಯ ತಮ್ಮ ಅನ್ನಬಹುದು. ಕಾಗದದ ಮೇಲೆ ಲೆಕ್ಕ ಹಾಕಿದರೆ 100 ವ್ಯಾಟ್ ಎಳೆಯುವ ಕಂಪ್ಯೂಟರನ್ನು ಮುಕ್ಕಾಲು ಗಂಟೆ ನಡೆಸಬೇಕು. ನಡೆಸುವುದಿಲ್ಲ. ಸೀಸದ ಬ್ಯಾಟರಿಯನ್ನು ಜೋರಾಗಿ ಹೀರಿದಷ್ಟೂ ಅದು ಕೊಡುವುದು ಕಮ್ಮಿ. ಹೊಸದರಲ್ಲೇ ಕಾಲು ಗಂಟೆ, ಇಪ್ಪತ್ತು ನಿಮಿಷ ಬಂದರೆ ಪುಣ್ಯ. ಕೆಲಸ ಉಳಿಸಿ ಕಂಪ್ಯೂಟರನ್ನು ಕ್ರಮವಾಗಿ ಮುಚ್ಚುವುದಕ್ಕೆ ಅಷ್ಟು ಸಾಕು. ಕೂತು ಸಿನಿಮಾ ನೋಡುವುದಕ್ಕಲ್ಲ.

ಮನೆಗೆ ಬರಬೇಕಾದ ಕರೆಂಟು 230 ವೋಲ್ಟ್. ಸ್ವಲ್ಪ ಇಳಿದರೆ ಡಬ್ಬಿಯೊಳಗಿನ ರಿಲೇ 'ಟಕ್' ಎಂದು ಟ್ರಾನ್ಸ್‌ಫಾರ್ಮರಿನ ಬೇರೆ ಸುತ್ತಿಗೆ ಬದಲಾಯಿಸಿ ವೋಲ್ಟೇಜ್ ಎತ್ತುತ್ತದೆ. ತೀರಾ ಇಳಿದರೆ ಅಥವಾ ತೀರಾ ಏರಿದರೆ ಗೋಡೆಯ ಕರೆಂಟನ್ನೇ ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ಆಗಲೇ ಆ 'ಕೀ... ಕೀ...' ಈ ಬದಲಾವಣೆಗೆ ಹಿಡಿಯುವುದು ಹತ್ತು ಮಿಲಿಸೆಕೆಂಡಿನ ಒಳಗೆ, ಅಂದರೆ ಸೆಕೆಂಡಿನ ನೂರನೇ ಒಂದು ಭಾಗ. ಕಂಪ್ಯೂಟರ್ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಲ್ಲಬಲ್ಲದು.

ಇನ್ವರ್ಟರ್ ಇಟ್ಟವರು ಇಲ್ಲೇ ಎಡವುವುದು. ಮನೆಗೆಲ್ಲ ಇನ್ವರ್ಟರ್ ಇದೆ, ಕಂಪ್ಯೂಟರಿಗೆ ಬೇರೆ ಯಾಕೆ ಅಂತ ನೇರವಾಗಿ ಅದಕ್ಕೇ ಸಿಕ್ಕಿಸುತ್ತಾರೆ. ಕರೆಂಟು ಹೋದಾಗ ಫ್ಯಾನು, ಲೈಟು ನಿಲ್ಲುವುದಿಲ್ಲ, ಕಂಪ್ಯೂಟರ್ ಮಾತ್ರ ಆಫಾಗಿ ಮತ್ತೆ ಹತ್ತುತ್ತದೆ! ಅನೇಕ ಇನ್ವರ್ಟರುಗಳ ಹಿಂದೆ 'ನಾರ್ಮಲ್' ಮತ್ತು 'ಯು.ಪಿ.ಎಸ್.' ಎಂದು ಒಂದು ಪುಟ್ಟ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಬದಲಾವಣೆ ನಿಧಾನ. ಫ್ಯಾನಿಗೆ ಅದು ಗೊತ್ತೂ ಆಗುವುದಿಲ್ಲ, ಕಂಪ್ಯೂಟರ್ ಅಷ್ಟರಲ್ಲಿ ಸತ್ತು ಹುಟ್ಟಿರುತ್ತದೆ. ಕೊಂಡು ವರ್ಷಗಳಾದರೂ ಆ ಸ್ವಿಚ್ಚಿನ ಮುಖವನ್ನೇ ನೋಡದ ಮನೆಗಳು ಊರಲ್ಲಿ ಎಷ್ಟೋ!

ಇಸ್ತ್ರಿ ಪೆಟ್ಟಿಗೆ ಹೇಳಿದ ಸತ್ಯ

ಭಾನುವಾರ ಬೆಳಿಗ್ಗೆ ಹಿರಿಯರು ಬಂದರು. ಕೈಯಲ್ಲಿ ಒಂದು ಮಲ್ಟಿಮೀಟರ್, ಚೀಲದಲ್ಲಿ ಹಳೇ ಕಾಲದ 100 ವ್ಯಾಟಿನ ತಂತಿ ಬಲ್ಬು. ಬಂದವರು ಮೊದಲು ಕೇಳಿದ್ದು ಕಾಫಿಯನ್ನಲ್ಲ, ಕಂಪ್ಯೂಟರಿನ ಪ್ಲಗ್ಗುಗಳನ್ನು. ಯು.ಪಿ.ಎಸ್. ಬೆನ್ನಿಗೆ ಕಂಪ್ಯೂಟರ್, ಪರದೆ ಎರಡನ್ನು ಬಿಟ್ಟು ಬೇರೇನಾದರೂ ಸಿಕ್ಕಿಸಿದ್ದಾರೆಯೇ ಎಂದು ನೋಡಿದರು. ಲೇಸರ್ ಪ್ರಿಂಟರ್ ಇದ್ದರೆ ಅಲ್ಲಿಗೆ ಮುಗಿಯಿತು. ಅದರೊಳಗೆ ಕಾಗದ ಕಾಯಿಸುವ ಒಂದು ಹೀಟರ್ ಇದೆ. ಅದು ಹತ್ತಿದ ಕೂಡಲೇ 600 ವಿ.ಎ. ಡಬ್ಬಿ 'ಕೀ' ಎಂದು ಒಂದೇ ರಾಗ ಎಳೆದು ಕೈ ಚೆಲ್ಲುತ್ತದೆ. ಈ ಮನೆಯಲ್ಲಿ ಆ ತಪ್ಪು ಇರಲಿಲ್ಲ.

ಆಮೇಲೆ ಬ್ಯಾಟರಿ ಪರೀಕ್ಷೆ. ಕಂಪ್ಯೂಟರ್ ತೆಗೆದು ಬಲ್ಬು ಸಿಕ್ಕಿಸಿದರು. ಗೋಡೆಯ ಸ್ವಿಚ್ ಆರಿಸಿದರು. ಪ್ಲಗ್ ಕೀಳಲಿಲ್ಲ, ಇದು ಗಮನಿಸಬೇಕಾದ ಮಾತು: ಪ್ಲಗ್ ಕಿತ್ತರೆ ಅರ್ತ್ ಸಂಪರ್ಕವೂ ಹೋಗುತ್ತದೆ, ಸ್ವಿಚ್ ಆರಿಸಿದರೆ ಹೋಗುವುದಿಲ್ಲ. ಎಲ್.ಇ.ಡಿ. ಬಲ್ಬು ಹಾಕಿ ನೋಡಿ "ಚೆನ್ನಾಗಿದೆ" ಅನ್ನುವಂತೆಯೂ ಇಲ್ಲ. ಒಂಬತ್ತು ವ್ಯಾಟನ್ನು ಮುದಿ ಬ್ಯಾಟರಿಯೂ ಹೊತ್ತೀತು. ತಂತಿ ಬಲ್ಬು ಎರಡೇ ನಿಮಿಷಕ್ಕೆ ಕಣ್ಣು ಮುಚ್ಚಿತು. ಎಂಟು ತಿಂಗಳ ಬ್ಯಾಟರಿ ಮುದಿಯಾಗಿತ್ತು!

"ಹಂಗಾದ್ರೆ ಬ್ಯಾಟರೀದೇ ತಪ್ಪಲ್ವಾ ಅಣ್ಣಾ?"

"ಸತ್ತೋನು ಬ್ಯಾಟರಿ ಕಣ್ರೀ. ಕೊಂದೋನು ಬೇರೆ ಅವ್ನೆ. ಮನೇಲಿ ಇಸ್ತ್ರಿ ಪೆಟ್ಟಿಗೆ ಇದ್ಯಾ?"

ಮನೆಮಂದಿ ಮುಖ ಮುಖ ನೋಡಿಕೊಂಡರು. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಬಂತು. ಪ್ಲಗ್ ಬಳಿ ಮೀಟರ್ ಹಿಡಿದಾಗ 226 ವೋಲ್ಟ್ ತೋರುತ್ತಿತ್ತು. ಪಕ್ಕದ ಪ್ಲಗ್ಗಿಗೆ ಇಸ್ತ್ರಿ ಹಾಕಿದ ಕೂಡಲೇ 204! ಒಂದೆರಡು ವೋಲ್ಟ್ ಇಳಿದರೆ ಸಹಜ, ನಾಲ್ಕೈದು ಇಳಿದರೂ ಒಪ್ಪಬಹುದು. 22 ವೋಲ್ಟ್ ಎಲ್ಲಿ ಹೋಯಿತು?

ಹೋದದ್ದು ಶಾಖವಾಗಿ. ಇಸ್ತ್ರಿ ಎಳೆಯುವುದು ನಾಲ್ಕು ಆಂಪಿಯರಿನಷ್ಟು. ಅದನ್ನು 22 ವೋಲ್ಟಿಗೆ ಗುಣಿಸಿದರೆ 80 ವ್ಯಾಟಿಗೂ ಮೇಲೆ. ಅರ್ಧ ಬೀದಿ ತಂತಿಯ ಪಾಲು ಅಂತ ಬಿಟ್ಟರೂ ಉಳಿದ 40 ವ್ಯಾಟ್ ಈ ಮನೆಯ ಗೋಡೆಯೊಳಗೆ ಯಾವುದೋ ಒಂದು ಕೂಡಿನಲ್ಲಿ ಕಾಯುತ್ತಿದೆ. ಹಿರಿಯರು ಅಂಗಡಿಯಲ್ಲಿ ಸೀಸ ಕರಗಿಸುವ ಬೆಸುಗೆ ಕಡ್ಡಿ ಬರೀ 25 ವ್ಯಾಟಿನದು! ಅಷ್ಟಕ್ಕೂ ಫ್ಯೂಸು ಹೋಗಲಿಲ್ಲವೇ? ಹೋಗುವುದಿಲ್ಲ. ಫ್ಯೂಸು, ಎಂ.ಸಿ.ಬಿ. ಎರಡೂ ನೋಡುವುದು ಕರೆಂಟು ಹೆಚ್ಚಾಯಿತೇ ಎಂದು. ಸಡಿಲ ಕೂಡಿನಲ್ಲಿ ಕರೆಂಟು ಹೆಚ್ಚಾಗುವುದಿಲ್ಲ, ಕೂಡು ಮಾತ್ರ ಸುಡುತ್ತದೆ. ಅನೇಕ ಮನೆಗಳಲ್ಲಿ ಬೆಂಕಿ ಹತ್ತುವುದು ಹೀಗೆ, ಫ್ಯೂಸು ಗಟ್ಟಿಯಾಗಿ ಕೂತಿರುವಾಗಲೇ.

ಹಿರಿಯರು ಅಲ್ಲಿಗೆ ಕೈ ತೊಳೆದುಕೊಂಡರು. "ಮೇನ್ ಬೋರ್ಡ್ ನನ್ನ ಕೆಲ್ಸ ಅಲ್ಲ, ಲೈಸೆನ್ಸ್ ಇರೋರ್ನ ಕರೀರಿ" ಅಂದರು. ಅಷ್ಟು ತಿಳಿದವರು ಅಷ್ಟಕ್ಕೆ ನಿಂತದ್ದನ್ನು ಮೆಚ್ಚಬೇಕು. ಎಲ್ಲ ಗೊತ್ತೆಂದು ಸ್ಕ್ರೂಡ್ರೈವರ್ ಹಿಡಿದು ಮೀಟರಿನ ಸೀಲಿಗೇ ಕೈ ಹಾಕುವ ಶೂರರು ಬೀದಿಗೊಬ್ಬರಿದ್ದಾರೆ.

ಮಧ್ಯಾಹ್ನ ಲೈಸೆನ್ಸ್ ಇರುವ ವೈರಿಂಗ್ ಕಂಟ್ರಾಕ್ಟರ್ ಬಂದು ಮೇನ್ ಆರಿಸಿ ಮುಚ್ಚಳ ಬಿಚ್ಚಿದರು. ನ್ಯೂಟ್ರಲ್ ತಂತಿ ಕೂರುವ ಸ್ಕ್ರೂ ಕಪ್ಪಗೆ ಇದ್ದಿಲಾಗಿತ್ತು. ತಂತಿಯ ಪ್ಲಾಸ್ಟಿಕ್ ಕರಗಿ ಇಳಿದಿತ್ತು. ಮನೆ ಹಳೆಯದು, ತಂತಿ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಕಾದಾಗ ಹಿಗ್ಗಿ, ತಣಿದಾಗ ಕುಗ್ಗಿ, ಹಿತ್ತಾಳೆ ಸ್ಕ್ರೂವಿನ ಹಿಡಿತದಲ್ಲಿ ವರ್ಷ ವರ್ಷಕ್ಕೂ ಸಡಿಲವಾಗುತ್ತದೆ. ಅದರ ಮೈಮೇಲೆ ಕಟ್ಟುವ ಪೊರೆಗೆ ಕರೆಂಟು ಸಲೀಸಾಗಿ ಹಾಯುವುದಿಲ್ಲ. ಇನ್ನು ಮೋಟರ್! ಹೊರಡುವ ಗಳಿಗೆಯಲ್ಲಿ ಅದು ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಸ್ಕ್ರೂ ತಾಳಲಾರದೆ ಮನೆಯ ವೋಲ್ಟೇಜ್ ಧೊಪ್ಪನೆ ಬೀಳುತ್ತಿತ್ತು. ಮೋಟರ್ ಓಡುವಷ್ಟು ಹೊತ್ತೂ ಕೂಡು ಕಾದು ಬಿಡುತ್ತಾ ಹತ್ತುತ್ತಾ ಇತ್ತು. ಯು.ಪಿ.ಎಸ್. ಪಾಪ, ದಿನವೂ ಬ್ಯಾಟರಿಗೆ ಓಡಿ ಓಡಿ ಬರುತ್ತಿತ್ತು. ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು ಆರೆಂಟು ಗಂಟೆ ಬೇಕು. ತುಂಬುವ ಮೊದಲೇ ಮತ್ತೆ ಖಾಲಿ, ಮತ್ತೆ ಖಾಲಿ. ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಬ್ಯಾಟರಿ ಎಂಟೇ ತಿಂಗಳಿಗೆ ಬರಡಾಯಿತು. ಹೊಸ ಡಬ್ಬಿ ತಂದಿದ್ದರೆ ಅದಕ್ಕೂ ಇದೇ ಗತಿ!

ಬೀದಿಯ ನ್ಯೂಟ್ರಲ್ ಹೋದರೆ?

ಇದು ಒಂದು ಮನೆಯೊಳಗಿನ ಮಾತಾಯಿತು. ಬೀದಿಯ ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಕಥೆಯೇ ಬೇರೆ. ಕೃತ್ತಿಕೆ ಮಳೆಯ ಗಾಳಿಗೆ ತೆಂಗಿನ ಗರಿ ತಂತಿ ಮೇಲೆ ಬೀಳುವುದು ಈ ಜಿಲ್ಲೆಗೆ ಹೊಸದೇ? ಅಂಥ ಹೊತ್ತಿನಲ್ಲಿ ಒಂದು ಮನೆಯ ಬಲ್ಬು ಮಂಕಾದರೆ ಪಕ್ಕದ ಮನೆಯದು ಕಣ್ಣು ಕುಕ್ಕುತ್ತದೆ. ಫ್ಯಾನು ಕಿತ್ತುಕೊಂಡು ಹೋಗುವಂತೆ ತಿರುಗುತ್ತದೆ. 230 ಇರಬೇಕಾದ ಕಡೆ 400ರ ಹತ್ತಿರಕ್ಕೂ ಏರಬಹುದು. ಆಗ ಯು.ಪಿ.ಎಸ್. ಕೀ ಎಂದರೆ ಅದನ್ನು ಬೈಯುತ್ತಾ ನಿಲ್ಲದೆ ಮೊದಲು ಮೇನ್ ಸ್ವಿಚ್ ಇಳಿಸಬೇಕು, ಆಮೇಲೆ ಲೈನ್‌ಮನ್‌ಗೆ ಫೋನು. ಜನರ ಬಾಯಲ್ಲಿ ಇವತ್ತಿಗೂ ಅದು 'ಕೆ.ಇ.ಬಿ.'ಗೇ ಫೋನು, ಆ ಮಂಡಳಿ ಹೋಗಿ ಎರಡು ದಶಕ ದಾಟಿದ್ದರೂ!

ಇನ್ನೊಂದು. ಕಂಪ್ಯೂಟರಿನ ತಗಡು ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆಯೇ? "ಸಣ್ಣ ಶಾಕು, ಅಭ್ಯಾಸ ಆಗಿದೆ" ಅನ್ನುವವರಿದ್ದಾರೆ. ಅದು ಅರ್ತ್ ಇಲ್ಲದ ಗುರುತು. ಗುಂಡಿ ಒಣಗಿದ್ದರೆ ನೀರು ಹಾಕಿಸಬೇಕು, ತಂತಿ ಕಡಿದಿದ್ದರೆ ಕೂಡಿಸಬೇಕು. ಅಭ್ಯಾಸ ಮಾಡಿಕೊಳ್ಳುವ ವಸ್ತು ಅದಲ್ಲ.

ಪೇಟೆಯಲ್ಲಿ ಜನರೇಟರ್ ಇಟ್ಟವರ ಗೋಳು ಮತ್ತೊಂದು ಬಗೆ. ಜನರೇಟರ್ ಓಡುತ್ತಿದ್ದರೂ ಯು.ಪಿ.ಎಸ್. ಕೂಗು ನಿಲ್ಲಿಸುವುದಿಲ್ಲ. ಸಣ್ಣ ಜನರೇಟರಿನ ವೇಗ ಏರಿಳಿದರೆ 50 ಇರಬೇಕಾದ ಫ್ರೀಕ್ವೆನ್ಸಿಯೂ ಏರಿಳಿಯುತ್ತದೆ. ಡಬ್ಬಿ ಅದನ್ನು ಕರೆಂಟೆಂದೇ ಒಪ್ಪುವುದಿಲ್ಲ. ಜನರೇಟರಿನ ವೇಗ ಸರಿಪಡಿಸಿದರೆ ಹೆಚ್ಚಿನ ಸಲ ಕೂಗೂ ನಿಲ್ಲುತ್ತದೆ.

ಎಸ್.ಎಸ್. ಪುರಂನ ಮನೆಯಲ್ಲಿ ಭಾನುವಾರ ಸಂಜೆಯೊಳಗೆ ಹೊಸ ಮೇನ್ ಸ್ವಿಚ್ ಕೂತಿತು, ಮೀಟರಿನಿಂದ ಒಳಕ್ಕೆ ತಾಮ್ರದ ತಂತಿ ಬಂತು. ಇಸ್ತ್ರಿ ಹಾಕಿ ನೋಡಿದರೆ ಇಳಿದದ್ದು ನಾಲ್ಕೇ ವೋಲ್ಟ್. ಬ್ಯಾಟರಿ ಹೇಗೂ ಸತ್ತಿತ್ತು. ಹಳೆಯದನ್ನು ಅಂಗಡಿಗೇ ಕೊಟ್ಟು ಹೊಸದು ತಂದರು. ಸೀಸವನ್ನು ಕಸದ ಗಾಡಿಗೆ ಹಾಕುವಂತಿಲ್ಲ, 2022ರ ಬ್ಯಾಟರಿ ತ್ಯಾಜ್ಯ ನಿಯಮವೂ ಅದನ್ನೇ ಹೇಳುತ್ತದೆ. ಅಂಗಡಿಯವರು ಹಳೆಯದಕ್ಕೆ ಒಂದಷ್ಟು ಮುರಿದುಕೊಂಡರು. ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ ಹಾಕಿದ್ದನ್ನು ಎರಡು ಸಲ ನೋಡಿದಮೇಲೆಯೇ ಹಿರಿಯರು ಡಬ್ಬಿ ಮುಚ್ಚಿದ್ದು.

ಸೋಮವಾರ ಸಂಜೆ ಏಳಕ್ಕೆ ಮಗಳು ಕಂಪ್ಯೂಟರ್ ಮುಂದೆ ಕೂತಳು. ಅಡುಗೆ ಮನೆಯಿಂದ ಕೂಗು ಬಂತು: "ಮೋಟರ್ ಹಾಕ್ಲೇನೇ?"

"ಹಾಕಮ್ಮಾ!"

ಯಜಮಾನರು ಮೇಜಿನ ಕೆಳಗೆ ಬಗ್ಗಿ ಡಬ್ಬಿಗೆ ಕಿವಿಗೊಟ್ಟರು. ಮೋಟರ್ ಗುರ್ರೆಂದಿತು. ಡಬ್ಬಿ ತುಟಿ ಬಿಚ್ಚಲಿಲ್ಲ. ಎಂಟೂಕಾಲಿಗೆ ರಿಟರ್ನ್ ಹೋಯಿತು, ಟ್ಯಾಂಕು ಅದಕ್ಕೂ ಮೊದಲೇ ತುಂಬಿ ಹರಿದಿತ್ತು.