ಓನಾಮ, ಜೇನು ಮತ್ತು ಅಂಗನವಾಡಿಯ ಒಂದು ವಾರ

ಅಕ್ಷರಾರಂಭಕ್ಕೆ ನಮ್ಮ ಹಿರಿಯರು 'ಓನಾಮ' ಎನ್ನುತ್ತಿದ್ದರು. 'ಓಂ ನಮಃ' ಎಂದು ಮೊದಲಾಗುವ ಮಂಗಳವಾಕ್ಯವೇ ಎಳೆಯರ ನಾಲಗೆಯಲ್ಲಿ ಸವೆದು ಈ ರೂಪ ತಾಳಿತು. ಐಗಳ ಮಠಗಳಲ್ಲಿ ನೆಲದ ಮೇಲೆ ಮರಳು ಹರಡಿ, ಮಗುವಿನ ಬೆರಳು ಹಿಡಿದು ತಿದ್ದಿಸುವುದು ರೂಢಿಯಾಗಿತ್ತು. ದೂರದ ಯಹೂದಿ ಸಮಾಜದಲ್ಲಿಯೂ ಇದನ್ನು ಹೋಲುವ ಸಂಪ್ರದಾಯವುಂಟು. ಮಧ್ಯಯುಗದ ಯೂರೋಪಿನಲ್ಲಿ ಅವರು ಹಲಗೆಯ ಮೇಲೆ ಹೀಬ್ರೂ ಅಕ್ಷರಗಳನ್ನು ಬರೆದು ಜೇನು ಸವರಿ ಮಗುವಿಗೆ ನೆಕ್ಕಿಸುತ್ತಿದ್ದರು. ವಿದ್ಯೆಯ ಮೊದಲ ರುಚಿ ಸಿಹಿಯಾಗಿರಲೆಂಬುದೇ ಅದರ ಆಶಯ.

ಆ ಜನರ ಶಿಶುವಿಹಾರಗಳಲ್ಲಿ ಇಂದಿಗೂ ವಾರವೆಂಬುದು ಬಿಡಿದಿನಗಳ ರಾಶಿಯಲ್ಲ. ಶನಿವಾರದ ಸಬ್ಬತ್ ವಿಶ್ರಾಂತಿಯ ಕಡೆಗೆ ಅದು ನಡೆಯುತ್ತದೆ. ಶುಕ್ರವಾರ ಒಂದು ಮಗು ತಾಯಿಯಾಗಿ, ಇನ್ನೊಂದು ತಂದೆಯಾಗಿ ಕುಳಿತು ದೀಪ, ದ್ರಾಕ್ಷಾರಸ, ಹೆಣೆದ ರೊಟ್ಟಿಗಳ ಮುಂದೆ ಮನೆಯ ಆಚರಣೆಯನ್ನೇ ಆಟವಾಗಿ ಆಡುತ್ತವೆ. ಆ ವಾರ ಪಠಿಸುವ ಧರ್ಮಗ್ರಂಥದ ಭಾಗವನ್ನು ಗುರುಮಾತೆ ಕಥೆಯಾಗಿ ಹೇಳುತ್ತಾಳೆ.

ನಮ್ಮ ಸೀಮೆಯ ಎಳೆಯರ ವಾರ ಹೇಗಿದೆ? ಈ ಪ್ರಶ್ನೆಯನ್ನು ಕೇಳಲು ತಿರುಮಕೂಡಲು ನರಸೀಪುರಕ್ಕಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡದ್ದು ಕಾವೇರಿ-ಕಪಿಲೆಯರು ಕೂಡುವ ಈ ತಾಲ್ಲೂಕನ್ನೇ. ಇಲ್ಲಿ ತೆರೆದ 100 ಕೇಂದ್ರಗಳೇ ರಾಜ್ಯದ ಅಂಗನವಾಡಿಗಳ ಮೂಲ. ಅರ್ಧ ಶತಮಾನದ ಹಿರಿಮೆಯಿದು. ಊರಿನವರಿಗೇ ಅಷ್ಟಾಗಿ ನೆನಪಿಲ್ಲ.

ಕೇಂದ್ರಗಳಲ್ಲಿ ಬಳಸುವ 'ಚಿಲಿಪಿಲಿ' ಕೈಪಿಡಿಯ ಪಾಠಗಳು ವಿಷಯಗಳ ಸುತ್ತ ಹೆಣೆದವು. ತರಕಾರಿಯ ವಾರವೆಂದರೆ ಮಕ್ಕಳು ಹಿತ್ತಲಿನ ಬದನೆಯನ್ನೋ ಅವರೆಕಾಯಿಯನ್ನೋ ಹಿಡಿದು ಬರುತ್ತವೆ. ಮುಟ್ಟಿ, ಮೂಸಿ, ಬಣ್ಣ ಹೇಳಿ, ಸಣ್ಣದು ದೊಡ್ಡದೆಂದು ಬೇರ್ಪಡಿಸುತ್ತವೆ. ನಂಜನಗೂಡಿನ ಕಡೆ ರಸಬಾಳೆಯ ಚಿಪ್ಪೊಂದು ದೊರೆತರೆ ಎಣಿಕೆಯ ಪಾಠವೂ ರುಚಿಯ ಪಾಠವೂ ಒಟ್ಟಿಗೆ ಮುಗಿಯುತ್ತವೆ. ನೀರಿನ ಪಾಠಕ್ಕಂತೂ ಹೊಳೆಯೇ ಎದುರಿಗಿದೆ. ನಡುವೆ ಹಾಡು, ಕಥೆ, ಹಾಲು, ಬಿಸಿಯೂಟ, ನಿದ್ದೆ. ತೂಕ ನೋಡಿ ಗುರುತಿಸುವುದೂ ಕಾರ್ಯಕರ್ತೆಯ ಹೊಣೆಯೇ. ಮೂರರಿಂದ ಆರು ವರ್ಷದ ಮಗುವಿಗೆ ಇದೇ ವಿದ್ಯೆ. ಬೆರಳಿನ ಎಲುಬು ಇನ್ನೂ ಎಳೆಯದಾಗಿರುವಾಗ ಇಂಗ್ಲಿಷಿನ ಸಾಲುಗಳನ್ನು ಪುಟ ತುಂಬ ಬರೆಸುವುದನ್ನು ವಿದ್ಯೆಯೆನ್ನಲು ನನಗೆ ಮನಸ್ಸಾಗದು.

ಈ ವಾರದಲ್ಲಿ ಕೊರತೆಯೊಂದಿದೆ. ನಮ್ಮ ಮನೆಯ ಆಚರಣೆಗಳಿಗೂ ಅಲ್ಲಿಯ ಆಟಕ್ಕೂ ಸಂಬಂಧ ತೆಳುವಾಗುತ್ತಿದೆ. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ನಡವಳಿಕೆ ನಮ್ಮ ಭಾಗದ ಒಕ್ಕಲು ಮನೆಗಳಲ್ಲಿ ಬಹುಕಾಲ ನಡೆದು ಬಂದಿತು, ಬಸವಣ್ಣನ ವಾರವದು. ಸಬ್ಬತ್ತಿನ ದಿನ ಎತ್ತಿಗೂ ಬಿಡುವಿರಬೇಕೆಂದು ಯಹೂದಿ ಧರ್ಮಗ್ರಂಥದಲ್ಲಿಯೂ ವಿಧಿಯಿದೆ. ಎರಡು ಜನಾಂಗಗಳು ಒಂದೇ ಕರುಣೆಯನ್ನು ಕಂಡದ್ದು ಅಚ್ಚರಿಯಲ್ಲವೇ! ಟ್ರ್ಯಾಕ್ಟರಿಗೆ ಸೋಮವಾರವಿಲ್ಲವಾಗಿ ಇಂದಿನ ಮಗುವಿಗೆ ಇದು ತಿಳಿಯದು. ಸರಕಾರದ ಕೇಂದ್ರದಲ್ಲಿ ಲಿಂಗಪೂಜೆಯನ್ನು ಹೇಳಿಕೊಡಿರೆಂದು ಕೇಳುವುದು ಸಲ್ಲದು. ಅದು ಮನೆಯ ಕೆಲಸ. ಆದರೆ ಅಜ್ಜಿಯೊಬ್ಬರು ಹೋಗಿ ಪ್ರಾಣಿಗಳ ಪಾಠದ ದಿನ ಎತ್ತಿನ ಈ ಕಥೆ ಹೇಳಿದರೆ ಯಾರು ಬೇಡವೆಂದಾರು?

ಹೋಗಿ ಹೇಳುವವರು ಯಾರು ಎಂಬುದೇ ಈಗ ಕಠಿಣವಾದ ಮಾತು. ಅನುಕೂಲವಿರುವ ನಮ್ಮ ಅನೇಕ ಕುಟುಂಬಗಳು ಮೂರು ವರ್ಷ ತುಂಬುತ್ತಲೇ ಮಗುವನ್ನು ವ್ಯಾನು ಹತ್ತಿಸಿ ಪಟ್ಟಣದ ಕಾನ್ವೆಂಟಿಗೆ ಕಳುಹಿಸುತ್ತಿವೆ. ಕೆಲವರು ಇಂಗ್ಲಿಷಿನ ನೆಪ ಹೇಳುತ್ತಾರೆ. ಕೆಲವರು ಮೊಟ್ಟೆಯ ಮಾತೆತ್ತುತ್ತಾರೆ. ತಿನ್ನದ ಮನೆಯ ಮಗುವೆಂದು ತಾಯಿ ತಿಳಿಸಿದರೆ ಸಾಲದೇ? ಇನ್ನು ಕೆಲವರು ಬಾಯಿಬಿಟ್ಟು ಹೇಳದ ಕಾರಣವೊಂದಿದೆ: ಅಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಚಾಪೆಯ ಮೇಲೆ ಕುಳಿತು ಉಣ್ಣುತ್ತವೆ. ಅನುಭವ ಮಂಟಪದ ಹೆಸರು ಹೇಳುವ ಮನೆಗಳಿಗೆ ಈ ಹಿಂಜರಿಕೆ ಶೋಭಿಸದು.

ಅಂಗನವಾಡಿ ಎಂಬ ಕಲ್ಪನೆಯ ಹುಟ್ಟೇ ಇದಕ್ಕೆ ವಿರುದ್ಧವಾದುದು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿ ಎಂಬ ಊರಿನಲ್ಲಿ ಬಾಲವಾಡಿ ತೆರೆದರು. ಕೆಳಗಿನವರೆನಿಸಿಕೊಂಡವರ ಮಕ್ಕಳು ಬಾರದಿದ್ದಾಗ ಅವರು ಶಾಲೆಯನ್ನೇ ಆ ಕೇರಿಯ ಅಂಗಳಕ್ಕೆ ಒಯ್ದರು. ಅಂಗಳದ ಆ ಶಾಲೆಯೇ ಅಂಗನವಾಡಿ. ಬಾರದವರ ಅಂಗಳಕ್ಕೆ ಹೋದ ಶಾಲೆಯಿಂದ ಈಗ ಬರಬಲ್ಲವರು ಹೊರಟುಹೋಗುತ್ತಿದ್ದಾರೆ. ಉಳಿದವರು ಬಡವರ ಮಕ್ಕಳಷ್ಟೇ ಆದರೆ ಚಾವಣಿ ಸೋರಿದಾಗ ಕೇಳುವ ದನಿಯೂ ಕ್ಷೀಣವಾಗುತ್ತದೆ.

ಪ್ರತಿ ಕೇಂದ್ರಕ್ಕೂ ಬಾಲವಿಕಾಸ ಸಮಿತಿಯುಂಟು. ತಾಯಂದಿರಿಗೆ ಅದರಲ್ಲಿ ಸ್ಥಾನವಿದೆ. ಮುಂದಿನ ಸಭೆಗೆ ನಮ್ಮ ಸೋದರಿಯರು ಹೋಗಲಿ. ಕಾರ್ಯಕರ್ತೆಯನ್ನು ಈ ವಾರದ ಪಾಠವೇನೆಂದು ವಿಚಾರಿಸಲಿ. ಹೊಳೆಯ ನುಣುಪು ಮರಳು ಒಂದು ಮೊರದಷ್ಟು ಒಯ್ದರೆ ಮಕ್ಕಳ ಬೆರಳಿಗೆ ಅಷ್ಟು ಸಾಕು.