ಆರ್ಕ್ಟಿಕ್‌ನ ಐಸ್ ಖಾಲಿ ಜಾಗ ಅಲ್ಲ

ಆರ್ಕ್ಟಿಕ್‌ನ ಮಂಜುಗಡ್ಡೆ ಕರಗಿದ್ರೆ ಹಡಗುಗಳಿಗೆ ಹೊಸ ದಾರಿ ಅಂತ ದೇಶಗಳು ಲೆಕ್ಕ ಹಾಕ್ತಿವೆ. ಆದರೆ ಆ ಗಡ್ಡೆ ಬರೀ ಅಡ್ಡಗೋಡೆಯಲ್ಲ.

ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರದಬ್ಬುತ್ತೆ. ಆ ಉಪ್ಪುನೀರು ಗಡ್ಡೆಯೊಳಗಿನ ಸಣ್ಣ ಕಾಲುವೆಗಳಲ್ಲಿ ಹೆಪ್ಪುಗಟ್ಟದೆ ಉಳಿಯುತ್ತೆ. ಬ್ಯಾಕ್ಟೀರಿಯಾ, ಪಾಚಿಗಳ ಬದುಕು ಅಲ್ಲೇ. ವಸಂತದ ಬೆಳಕು ಬಿದ್ದರೆ ಗಡ್ಡೆಯ ಅಡಿಭಾಗವೇ ಕಂದುಬಣ್ಣಕ್ಕೆ ತಿರುಗುವಷ್ಟು ಪಾಚಿ ಬೆಳೆಯುತ್ತೆ. ಅದನ್ನು ಪುಟ್ಟ ಜೀವಿಗಳು ತಿನ್ನುತ್ತವೆ; ಅವನ್ನು ಮೀನು, ಮೀನನ್ನು ಸೀಲ್, ಸೀಲನ್ನು ಹಿಮಕರಡಿ.

2012ರಲ್ಲಿ ಈ ಐಸ್ ದಾಖಲೆ ಮಟ್ಟಕ್ಕೆ ಕುಗ್ಗಿತು. ಅದೇ ಬೇಸಿಗೆಯಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನ ವಿಜ್ಞಾನಿಗಳು, ಗಡ್ಡೆಯಿಂದ ಕಳಚಿದ ಪಾಚಿಯ ಮುದ್ದೆಗಳನ್ನು ಸುಮಾರು 4,000 ಮೀಟರ್ ಆಳದ ಸಮುದ್ರತಳದಲ್ಲಿ ಕಂಡರು. ಮೇಲಿದ್ದ ಮೇವು ತಳ ಸೇರಿತ್ತು.

ಹೊಸ ದಾರಿಯ ಲಾಭ ಎಣಿಸುವವರು ಈ ನಷ್ಟವನ್ನೂ ಲೆಕ್ಕಕ್ಕೆ ತಗೋಬೇಕಲ್ವಾ?